ಸೂಜಿ ಹಿಡಿಯಲು ಕಲಿಸಿದವರು

ಬೆಳಿಗ್ಗೆ ಆರೂವರೆಗೆ ವಿಜಯನಗರದ ಮಾರುತಿ ಮಂದಿರದ ಬಸ್‌ಸ್ಟಾಪಿನಲ್ಲಿ ಬಿಳಿ ಕೋಟಿನ ಹುಡುಗಿಯರ ಗುಂಪೊಂದು ನಿಂತಿರುತ್ತದೆ. ವಾಕಿಂಗಿಗೆ ಹೊರಟ ನಮಗೆ ಅವರು ಬರೀ 'ನರ್ಸಿಂಗ್ ಹುಡುಗೀರು'. ಎಲ್ಲರೂ ಕೇರಳದವರೇ ಎಂದು ಯಾರನ್ನೂ ಕೇಳದೆ ತೀರ್ಮಾನ ಮಾಡಿಬಿಟ್ಟಿದ್ದೇವೆ.

ಡೆಂಗಿಯಾಗಿ ಇಲ್ಲೇ ಒಂದು ಆಸ್ಪತ್ರೆ ಸೇರಿದಾಗ ನನ್ನ ತೀರ್ಮಾನ ಸುಳ್ಳಾಯಿತು. ಡ್ರಿಪ್ ಹಾಕಲು ಬಂದ ಕೊನೇ ವರ್ಷದ ಹುಡುಗಿ, 'ಅಜ್ಜಾರ, ಮುಷ್ಟಿ ಬಿಗಿ ಹಿಡೀರಿ' ಎಂದಳು. ರಾಯಚೂರು ಕಡೆಯವಳು. ಎದ್ದು ಕಾಣುವ ನರವನ್ನು ಬಿಟ್ಟು, ಮುಂಗೈಯುದ್ದಕ್ಕೂ ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಪುಟಿದ ಕಡೆ ಸ್ಪಿರಿಟ್ ಒರೆಸಿ, ಅದು ಆರುವ ತನಕ ಕಾದು ಸೂಜಿ ಇಟ್ಟಳು. ಕ್ಯಾನುಲಾದಲ್ಲಿ ಒಂದು ಹನಿ ರಕ್ತ ಕಂಡ ಮೇಲೇ ಅವಳು ಉಸಿರು ಬಿಟ್ಟದ್ದು. ಪಕ್ಕದಲ್ಲಿದ್ದ ಸೀನಿಯರ್ ಸಿಸ್ಟರ್ ಒಂದು ಮಾತೂ ಆಡಲಿಲ್ಲ. ಅದೇ ಫುಲ್ ಮಾರ್ಕ್ಸ್ ಇರಬೇಕು.

'ಪುಸ್ತಕದಾಗ ನರ ಚಂದ ಕಾಣ್ತಾವ್ರಿ. ಕೈಯಾಗ ಹುಡುಕೋದು ಇವ್ರೇ ಕಲಿಸಿದ್ದು' ಎಂದಳು, ಸಿಸ್ಟರ್ ಅತ್ತ ಹೋದ ಮೇಲೆ. ಮುಂದೇನು ಎಂದೆ. 'ಜರ್ಮನ್ ಕ್ಲಾಸಿಗೆ ಸೇರೀನ್ರಿ. ಸಿಸ್ಟರ್ ಪಗಾರ ಕೇಳಿದ ಮ್ಯಾಲೆ.'

ಅಪ್ಪ ಹೊಲದ ಮೇಲೆ ಸಾಲ ಮಾಡಿ ನಾಲ್ಕು ವರ್ಷದ ಫೀಜು ಕಟ್ಟಿದ್ದಾನೆ. ಇವಳನ್ನು 'ಪ್ರತಿಭಾ ಪಲಾಯನ' ಎಂದು ಬೈಯಲು ನನಗಂತೂ ಬಾಯಿ ಬರದು. ಸುಪ್ರೀಂ ಕೋರ್ಟು 2016ರಲ್ಲಿ ಹೇಳಿ ಮಾಡಿಸಿದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದು, ಇನ್ನೂರು ಹಾಸಿಗೆ ಮೀರಿದರೆ ಸರ್ಕಾರಿ ಸಂಬಳವೇ ಸಿಗಬೇಕು ಎಂದಿತ್ತು. ಬರೀ ಶಿಫಾರಸಿಗೆ ಮಾಲೀಕರು ಹೆದರಿಯಾರೇ? 2023ರಿಂದ ಬಿ.ಎಸ್ಸಿ. ನರ್ಸಿಂಗ್ ಸೀಟಿಗೂ ನಮ್ಮಲ್ಲಿ ಸಿಇಟಿ ಬಂತು. ಒಳಗೆ ಬಿಡುವಾಗ ಇಷ್ಟು ಕಾವಲು ಕಾಯುವ ನಾವು, ಓದು ಮುಗಿಸಿದವಳು ಎಷ್ಟಕ್ಕೆ ದುಡಿಯುತ್ತಾಳೆಂದು ತಿರುಗಿಯೂ ನೋಡುವುದಿಲ್ಲ. ಜರ್ಮನಿಯವರೋ, ಬಿ-2 ಮಟ್ಟದ ಭಾಷೆ ಕಲಿತು ಬಾ ಎಂದು ಕರೆಯುತ್ತಾರೆ.

ಅವತ್ತು ನಡುರಾತ್ರಿ ಎಚ್ಚರವಾಯಿತು. ಸಿಸ್ಟರುಗಳು ಕೂರುವ ಮೇಜಿನ ಕಡೆಯಿಂದ ಮೆಲ್ಲಗೆ 'ಡೆರ್, ಡೀ, ಡಾಸ್' ಕೇಳಿಸುತ್ತಿತ್ತು. ಹೇಳಿಕೊಡುತ್ತಿದ್ದವಳು ರಾಯಚೂರಿನ ಹುಡುಗಿ. ಒಪ್ಪಿಸುತ್ತಿದ್ದವರು ಸೀನಿಯರ್ ಸಿಸ್ಟರ್.