ಪಟೇಲರ ಎತ್ತಿನ ಮನೆಯಿಂದ ಕಂಡ ಕೇರಿ



ನಂಜನಗೂಡು, ತಿ. ನರಸೀಪುರದ ಹಾಸ್ಟೆಲುಗಳಲ್ಲಿದ್ದು ಬಿ.ಎ. ಓದುವ ನಮ್ಮ ಹುಡುಗ ಹುಡುಗಿಯರಲ್ಲಿ ಬಹಳ ಮಂದಿ ಸಮಾಜಶಾಸ್ತ್ರ ತಗೊಂಡಿರ್ತಾರೆ. ಯಾಕೆ ಅಂದ್ರೆ, ‘ಸುಲಭ, ಪಾಸಾಗಬಹುದು ಅಂದ್ರು’ ಅನ್ನೋದೇ ಉತ್ತರ. ಊರಿಗೆ ಹೋದರೆ ಅವ್ವ ಕೇಳ್ತಾಳೆ: ‘ಅದ ಓದ್ಬುಟ್ರೆ ಏನ್ ಕೆಲ್ಸ ಸಿಕ್ಕದಪ್ಪ?’ ಅದಕ್ಕೆ ನಾವು ತಲೆ ಕೆರೆದುಕೊಳ್ತೀವಿ.

ಕೆಲಸದ ಮಾತಿಗೆ ಮುಂಚೆ ಈ ಶಾಸ್ತ್ರಕ್ಕೂ ನಮಗೂ ಇರುವ ಹಳೇ ಲೆಕ್ಕ ನೋಡಬೇಕು. ತಿ. ನರಸೀಪುರ ತಾಲ್ಲೂಕಿನ ಕೊಡಗಹಳ್ಳಿ ಗೊತ್ತಲ್ಲ? ಪ್ರಪಂಚದ ಸಮಾಜಶಾಸ್ತ್ರಜ್ಞರಿಗೆ ಅದು ‘ರಾಮಪುರ’. ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಅಲ್ಲಿ ತಂಗಿದರು. ತಂಗಿದ್ದು ಪಟೇಲರ ಎತ್ತಿನ ಮನೆಯಲ್ಲಿ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಅವರ ಟಿಪ್ಪಣಿಗಳು ಸುಟ್ಟವು. ನೆನಪಿನಿಂದ ಬರೆದ ಪುಸ್ತಕ 1976ರಲ್ಲಿ ಬಂತು. ದೊಡ್ಡ ಕೆಲಸ, ಅಲ್ಲಗಳೆಯೋದಿಲ್ಲ. ಅವರು ಕೊಟ್ಟ ‘ಪ್ರಬಲ ಜಾತಿ’ ಅನ್ನೋ ಮಾತಿಲ್ಲದೆ ನಮ್ಮ ಊರುಗಳನ್ನ ಇವತ್ತಿಗೂ ವಿವರಿಸೋಕಾಗಲ್ಲ. ಆದರೆ ಪಟೇಲರ ಜಗಲಿಯಿಂದ ಕೇರಿ ಎಷ್ಟು ಕಂಡೀತು? ತಾನು ಊರನ್ನ ನೋಡಿದ್ದು ಮೇಲ್ಜಾತಿಯವರ ನಡುವೆ ನಿಂತು ಅಂತ ಅವರೇ ಒಪ್ಪಿಕೊಂಡಿದ್ದಾರೆ. ಒಪ್ಪಿಕೊಳ್ಳದವರ ನೋಟ್ಸು ನಮಗೆ ಪಾಠವಾಗಿದೆ.

1993ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳುವಿನಲ್ಲಿ ಮೂವರು ದಲಿತರನ್ನು ಕೊಂದರು. ದೇವಸ್ಥಾನದ ಒಳಗೆ ಕಾಲಿಟ್ಟದ್ದಕ್ಕೆ ಹೊತ್ತಿದ ಸಿಟ್ಟು ಅದು. ನಾವು ಪರೀಕ್ಷೆಗೆ ಉರು ಹೊಡೆಯೋದು ಏನು? ‘ಸಂಘರ್ಷದ ಲಕ್ಷಣಗಳನ್ನು ವಿವರಿಸಿ. ಹತ್ತು ಅಂಕ.’

ಹಾಗಂತ ಈ ಶಾಸ್ತ್ರ ಅವರಪ್ಪನ ಮನೆ ಆಸ್ತಿಯೇನಲ್ಲ. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರ ಸೆಮಿನಾರಿನಲ್ಲಿ ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಓದಿದ್ದು ಬಾಬಾಸಾಹೇಬರು. ಆಗ ಅವರಿಗೆ ಇಪ್ಪತ್ತೈದು, ನಮ್ಮ ವಯಸ್ಸು. (ಶ್ರೀನಿವಾಸ್ ಮೈಸೂರಲ್ಲಿ ಹುಟ್ಟಿದ್ದು ಅದೇ ವರ್ಷದ ಕೊನೆಗೆ!) ಜಾತಿಯೊಳಗೇ ಮದುವೆ ಅನ್ನೋ ಬೇಲಿಯೇ ಜಾತಿಯ ಬೇರು, ಆ ಬೇಲಿ ಕಾಯೋಕೆ ವಿಧವೆಯನ್ನ ಸುಟ್ಟರು, ಇಲ್ಲಾ ಮೂಲೆಗೆ ತಳ್ಳಿದರು, ಎಳೇ ಕೂಸುಗಳಿಗೆ ತಾಳಿ ಕಟ್ಟಿದರು ಅಂತ ತೋರಿಸಿದರು. ಇದನ್ನ ‘ಸುಲಭ ಸಬ್ಜೆಕ್ಟು’ ಅನ್ನೋರು ಯಾರು?

ಈಗ ಅವ್ವನಿಗೆ ಉತ್ತರ. ಸುಳ್ಳು ಹೇಳಲ್ಲ, ಬರೀ ಬಿ.ಎ. ಸಾಲದು. ಮಾನಸಗಂಗೋತ್ರಿಯಲ್ಲಿ ಎಂ.ಎ. ಮಾಡಿ, ನೆಟ್ ಇಲ್ಲವೇ ಕೆ-ಸೆಟ್ ಪಾಸಾದರೆ ಮೇಷ್ಟ್ರಾಗಬಹುದು. ಅದೂ ವರ್ಷಗಟ್ಟಲೆ ‘ಅತಿಥಿ’ಯಾಗಿ ಕಾದು. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಕೇಂದ್ರ ಮೈಸೂರಲ್ಲೇ ಇದೆ, ರಾಜ್ಯದ ಬುಡಕಟ್ಟು ಸಂಶೋಧನಾ ಸಂಸ್ಥೆಯೂ ಅಲ್ಲೇ. ನಮ್ಮಲ್ಲಿ ಎಷ್ಟು ಜನ ಅವುಗಳ ಬೋರ್ಡಾದರೂ ನೋಡಿದ್ದೀವಿ? ಐ.ಎ.ಎಸ್. ಪರೀಕ್ಷೆಗೆ ಸಮಾಜಶಾಸ್ತ್ರ, ಮಾನವಶಾಸ್ತ್ರ ಎರಡೂ ಐಚ್ಛಿಕ ವಿಷಯಗಳು.

ಉಳಿದದ್ದು ಸರ್ವೆ ಕೆಲಸ. ನಾವೂ ದಿನಗೂಲಿಗೆ ಫಾರಂ ಹಿಡಿದು ಕೇರಿ ಕೇರಿ ಸುತ್ತಿದ್ದೀವಿ. ಸಾಲ ಎಷ್ಟು, ಕಕ್ಕಸು ಇದೆಯಾ, ಮನೇಲಿ ಯಾರು ಕುಡೀತಾರೆ? ಒಬ್ಬ ಅಜ್ಜಿ ಎಲ್ಲಾ ಹೇಳಿ ಮುಗಿಸಿ ಕೇಳ್ತು: ‘ಊರೊಳಕ್ಕೂ ಹೋಗಿ ಹಿಂಗೇ ಕೇಳೀಯಾ ಮಗ? ಅವರ ಗದ್ದೆ ಎಲ್ಲಿಂದ ಬಂತು ಅಂತಾವ?’ ಫಾರಮ್ಮಿನಲ್ಲಿ ಆ ಕಾಲಂ ಇರಲಿಲ್ಲ. ಕಾಲಂ ಹಾಕುವ ಕುರ್ಚಿಯಲ್ಲಿ ನಮ್ಮವರಿಲ್ಲ. ನಾವು ಈ ಶಾಸ್ತ್ರ ಓದಬೇಕಿರೋದು ಆ ಕುರ್ಚಿಗಾಗಿ.

ಅಲ್ಲೀವರೆಗೆ ಕಾಯೋದು ಬೇಡ. ಈ ರಜೆಗೆ ಊರಿಗೆ ಹೋದಾಗ ನೂರು ಪುಟದ ಒಂದು ನೋಟ್‌ಬುಕ್ ಒಯ್ಯಿರಿ. ನಿಮ್ಮೂರ ಗದ್ದೆ ಎಷ್ಟು ಎಕರೆ, ಯಾರ ಹೆಸರಲ್ಲಿ, ನಾಲೆ ನೀರು ಮೊದಲು ಯಾರಿಗೆ, ಹೋಟೆಲಲ್ಲಿ ಲೋಟ ಒಂದೋ ಎರಡೋ, ದೇವಸ್ಥಾನದ ಯಾವ ಮೆಟ್ಟಿಲವರೆಗೆ ನಮಗೆ ಬಿಡುಗಡೆ, ಎಲ್ಲಾ ಬರಕೊಳ್ಳಿ. ಊರೊಳಗೂ ಹೋಗಿ ಕೇಳಿ, ಇಬ್ಬಿಬ್ಬರಾಗಿ. ಮುಂದಿನ ಸಭೆಗೆ ತನ್ನಿ, ಕೂಡಿಸಿ ಓದೋಣ.