ಹೊಲದ ಬಣ್ಣ ಮಗ್ಗ ಸೇರಲಿ

ಉಳ್ಳಾಗಡ್ಡಿ ಸುಗ್ಗಿಯಲ್ಲಿ ರೋಣ, ನರಗುಂದದ ಕಡೆ ಎಲ್ಲಿ ಹೋದರೂ ಅದೇ ನೋಟ: ಗಾಳಿಗೆ ಹಾರಿ ಬೇಲಿಗೆ ಸಿಕ್ಕಿಕೊಂಡ ಕೆಂಪು ಸಿಪ್ಪೆ. ಅದನ್ನು ಕುದಿಸಿ, ಪಟಿಕದ ನೀರಲ್ಲಿ ಹದಗೊಳಿಸಿದ ಹತ್ತಿ ನೂಲನ್ನು ಆ ರಸದಲ್ಲಿ ಅದ್ದಿದರೆ ಹೊಂಬಣ್ಣ ಏರುತ್ತದೆ. ತಿಪ್ಪೆಗೆ ಹೋಗುವ ಈ ಬಣ್ಣಕ್ಕೂ ಗಜೇಂದ್ರಗಡದ ಮಗ್ಗಗಳಿಗೂ ಬಹಳ ದೂರವಿಲ್ಲ. ಆದರೂ ಇವೆರಡೂ ಒಂದನ್ನೊಂದು ಕಂಡಿಲ್ಲ.

ಗಜೇಂದ್ರಗಡದ ಹೆಸರಿಗೆ ಅಂಟಿಕೊಂಡ ಸೀರೆ ಪಟ್ಟೇದ ಅಂಚು. ಚೌಕಡಿ ಮೈ, ಎದ್ದು ಕಾಣುವ ಅಂಚು, ಸಾಸಿವೆ ಹಳದಿ, ಕೆಂಪು, ದಪ್ಪ ಹತ್ತಿ ನೂಲು. ಹೊಲದ ದುಡಿಮೆಗೆ ತಡೆಯುತ್ತಿದ್ದ, ಸವದತ್ತಿ ಯಲ್ಲಮ್ಮನಿಗೂ ಅರ್ಪಣೆಯಾಗುತ್ತಿದ್ದ ಈ ಸೀರೆ ಕೇಳುವವರಿಲ್ಲದೆ ಮಗ್ಗದಿಂದ ಇಳಿದಿತ್ತು. ‘ಪುನರ್ಜೀವನ’ ಸಂಸ್ಥೆಯ ಹೇಮಲತಾ ಜೈನ್ ಅದನ್ನು ಮತ್ತೆ ಮಗ್ಗಕ್ಕೇರಿಸಿದರು. ವಿನ್ಯಾಸ ಊರಿಗೆ ಮರಳಿದೆ. ಇನ್ನು ಮರಳಬೇಕಾದದ್ದು ನೂಲು ಮತ್ತು ಬಣ್ಣ.

ನೂಲಿನ ಕಥೆ ಎರೆ ಹೊಲದಲ್ಲಿದೆ. ಜಯಧರ ಎಂಬ ದೇಸಿ ಹತ್ತಿಯನ್ನು ಇಲ್ಲಿ ಹಿಂಗಾರಿಗೆ ಬಿತ್ತಿ, ನೀರು ಹಾಯಿಸದೆ, ನೆಲದ ತೇವದ ಮೇಲೆಯೇ ಬೇಸಿಗೆವರೆಗೆ ಬೆಳೆಯುತ್ತಿದ್ದರು. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಹೈಬ್ರಿಡ್ ಬಂತು. ಮಲಪ್ರಭಾ ಕಾಲುವೆ ನೀರು ಸಿಕ್ಕ ರೈತರು ಅದರ ಬೆನ್ನು ಹತ್ತಿದರು. ಬೀಜ, ಗೊಬ್ಬರ, ಔಷಧದ ಖರ್ಚು ಏರಿತು, ಹತ್ತಿಯ ದರ ಕುಸಿಯಿತು. 1980ರ ಜುಲೈನಲ್ಲಿ ನರಗುಂದದ ರೈತರು ಸಿಡಿದೆದ್ದದ್ದರ ಹಿಂದೆ ನೀರಿನ ಕರದ ಜೊತೆಗೆ ಈ ಸಂಕಟವೂ ಇತ್ತು. 2002ರ ನಂತರ ಬಿಟಿ ಹತ್ತಿ ಹಬ್ಬಿತು. ಎಳೆ ಗಿಡ್ಡವೆಂದು ಗಿರಣಿಗಳು ಜಯಧರವನ್ನು ದೂರವಿಟ್ಟವು. ಆದರೆ ಗಿಡ್ಡ ಎಳೆ ಕೊಡುವುದು ದಪ್ಪ ನೂಲನ್ನೇ, ಪಟ್ಟೇದ ಅಂಚಿಗೆ ಬೇಕಾದದ್ದೂ ಅದೇ.

ಬಣ್ಣಕ್ಕೂ ಇಲ್ಲಿ ಬರವಿಲ್ಲ.

ಇಂದು ಎಣ್ಣೆಗಾಗಿ ಬೆಳೆಯುವ ಕುಸುಬಿ ಒಂದು ಕಾಲಕ್ಕೆ ಬಣ್ಣದ ಬೆಳೆಯೂ ಆಗಿತ್ತು. ಅದರ ಎಸಳಿನ ಹಳದಿ ನೀರಿಗೇ ಬಿಡುತ್ತದೆ. ಹಳದಿಯನ್ನು ತೊಳೆದು ತೆಗೆದ ಮೇಲೆ ಉಳಿದ ಎಸಳನ್ನು ಕ್ಷಾರದ ನೀರಲ್ಲಿ ನೆನೆಸಿ, ಹುಳಿ ಹಿಂಡಿದರೆ ಕೆಂಪು ಹೊರಬರುತ್ತದೆ. ಬಾಡಿದ ಎಸಳು ಕಿತ್ತರೆ ಕಾಳಿಗೆ ನಷ್ಟವಿಲ್ಲ. ಒಂದೇ ಗಿಡದಿಂದ ಎಣ್ಣೆಯೂ ಬಣ್ಣವೂ ಸಿಗುತ್ತವೆ. ನೆರೆಯ ಕೊಪ್ಪಳ, ಬಾಗಲಕೋಟೆಯ ದಾಳಿಂಬೆ ಸಿಪ್ಪೆಯೂ ಹಳದಿ ಕೊಡುತ್ತದೆ, ಕಬ್ಬಿಣದ ನೀರು ಸೇರಿದರೆ ಕಪ್ಪಾಗುತ್ತದೆ.

ಇದು ಆಗದ ಮಾತಲ್ಲ. ಹೆಗ್ಗೋಡಿನ ‘ಚರಕ’ ಸಂಸ್ಥೆಯ ಹೆಣ್ಣುಮಕ್ಕಳು ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ನೂಲಿಗೆ ಬಣ್ಣ ಹಾಕಿ ಮಾರುಕಟ್ಟೆ ಕಟ್ಟಿದ್ದಾರೆ. ಮಲೆನಾಡಿಗೆ ಅಡಿಕೆ ಇದ್ದಂತೆ ಬಯಲುಸೀಮೆಗೆ ಉಳ್ಳಾಗಡ್ಡಿ, ಕುಸುಬಿ ಇವೆ.

ತೊಡಕುಗಳನ್ನು ಮುಚ್ಚಿಡಬಾರದು. ಕುಸುಬಿಯ ಬಣ್ಣ ಬಿಸಿಲಿಗೆ ಮಾಸುತ್ತದೆ, ಕೊಳ್ಳುವವರಿಗೆ ಅದನ್ನು ಮೊದಲೇ ಹೇಳಬೇಕು. ಕೈಬಣ್ಣಕ್ಕೆ ಹೊತ್ತು ಹಿಡಿಯುತ್ತದೆ, ಬೆಲೆ ಏರುತ್ತದೆ. ಆ ಭಾರವನ್ನು ನೇಕಾರನ ಹೆಗಲಿಗೇ ಹಾಕುವುದು ಅನ್ಯಾಯ. ಮಗ್ಗದ ಮುಂದೆ ಕೂತವನಿಗೆ ಅವತ್ತಿನ ಕೂಲಿ ಅವತ್ತೇ ಗಿಟ್ಟಬೇಕು.

ಆದ್ದರಿಂದ ಸರ್ಕಾರ ಮೂರು ಕೆಲಸ ಮಾಡಲಿ. ಗದಗ ಜಿಲ್ಲೆಯಲ್ಲಿ ಗಿಡ್ಡ ಎಳೆಯ ಹತ್ತಿಗೆ ಹೊಂದುವ ಸಣ್ಣ ನೂಲುವ ಘಟಕ ತೆರೆಯಲಿ. ಗಜೇಂದ್ರಗಡದಲ್ಲಿ ನೇಕಾರರೆಲ್ಲ ಬಳಸಬಹುದಾದ ಬಣ್ಣದ ಮನೆ ಕಟ್ಟಲಿ. 1975ರಲ್ಲಿ ಹುಟ್ಟಿದ ಕೈಮಗ್ಗ ಅಭಿವೃದ್ಧಿ ನಿಗಮ ಈ ಬಟ್ಟೆಯನ್ನು ಖರೀದಿಸುವ ಖಾತ್ರಿ ಕೊಡಲಿ. ಬಣ್ಣದ ಮನೆಗೆ ಹೆಚ್ಚೇನೂ ಬೇಕಿಲ್ಲ: ನಾಲ್ಕು ಹಂಡೆ, ಒಂದು ಒಲೆ, ಒಣಗಿಸಲು ನೆರಳು. ಮುಂದಿನ ಉಳ್ಳಾಗಡ್ಡಿ ಮಾರುಕಟ್ಟೆಗೆ ಬರುವಷ್ಟರಲ್ಲಿ ಅಷ್ಟನ್ನಾದರೂ ಹೂಡಿ, ಸಿಪ್ಪೆಗೆ ಕಿಲೋ ಲೆಕ್ಕದಲ್ಲಿ ದರ ಗೊತ್ತುಮಾಡಬಹುದು.