ಎರಡು ರೂಪಾಯಿ ದಾನ, ತೊಂಬತ್ತೆಂಟು ರೂಪಾಯಿ ಮೌನ



ಹೋದ ವರ್ಷ ನಮ್ಮ ಹಾಸ್ಟೆಲಿಗೆ ಒಂದು ದೊಡ್ಡ ಕಂಪನಿಯವರು ಬಂದರು. ಅಂಗಳದಲ್ಲಿ ಶಾಮಿಯಾನ ಹಾಕಿಸಿದರು, ಮೈಕು ಕಟ್ಟಿಸಿದರು. ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೆ ಒಂದೊಂದು ಬ್ಯಾಗು ಕೊಟ್ಟರು. ಬ್ಯಾಗಿನ ಮೇಲೆ ಕಂಪನಿಯ ಹೆಸರು ಅಂಗೈಯಗಲ ಇತ್ತು, ನಮ್ಮ ಹೆಸರು ಬರೆದುಕೊಳ್ಳಲು ಜಾಗವಿರಲಿಲ್ಲ. ಬ್ಯಾಗು ತಗೊಂಡವರು ಫೋಟೋಕ್ಕೆ ನಗಬೇಕಾಗಿತ್ತು. ನಕ್ಕೆವು. ಆಮೇಲೆ ಒಬ್ಬ ಅಧಿಕಾರಿ ಭಾಷಣ ಮಾಡಿದರು: "ನೀವೆಲ್ಲ ನಮ್ಮ ಸ್ಟೇಕ್‌ಹೋಲ್ಡರ್‌ಗಳು, ಅಂದರೆ ಪಾಲುದಾರರು. ಸಮಾಜದ ಋಣ ತೀರಿಸೋದು ನಮ್ಮ ಧರ್ಮ."

ನಮ್ಮ ಸಾಲಿನಲ್ಲೇ ನಿಂತಿದ್ದ ಒಬ್ಬ ಗೆಳೆಯನ ತಾಯಿ ಅದೇ ಕಂಪನಿಯ ಕಟ್ಟಡದಲ್ಲಿ ಆರು ವರ್ಷದಿಂದ ಕಕ್ಕಸು ತೊಳೆಯುತ್ತಿದ್ದಾರೆ. ಆಗ ಅವರಿಗೆ ಎರಡು ತಿಂಗಳ ಸಂಬಳ ಬಂದಿರಲಿಲ್ಲ. ಪಿ.ಎಫ್. ಅಂತ ಹಿಡಿದುಕೊಂಡ ಹಣವನ್ನು ಕಟ್ಟಿರಲಿಲ್ಲ. ಸಭೆ ಮುಗಿದ ಮೇಲೆ ಗೆಳೆಯ ಆ ಅಧಿಕಾರಿಯ ಹತ್ತಿರ ಹೋಗಿ, "ಸಾರ್, ನಮ್ಮವ್ವ ನಿಮ್ಮಲ್ಲೇ ಕೆಲಸ ಮಾಡೋದು, ಸಂಬಳ ಬಂದಿಲ್ಲ" ಅಂದ. ಅಧಿಕಾರಿ ಹೇಳಿದ್ದು ಇಷ್ಟೆ: "ಅವರು ನಮ್ಮ ಎಂಪ್ಲಾಯಿ ಅಲ್ಲಪ್ಪ. ಏಜೆನ್ಸಿಯವರು. ಏಜೆನ್ಸೀನ ಕೇಳಬೇಕು."

ಮಗ ಪಾಲುದಾರನಂತೆ, ತಾಯಿ ಯಾರೂ ಅಲ್ಲವಂತೆ! ಬ್ಯಾಗು ಹಿಡಿದ ಕೈಗೆ ಫೋಟೋ ಉಂಟು, ಬಕೆಟ್ಟು ಹಿಡಿದ ಕೈಗೆ ಲೆಕ್ಕವೇ ಇಲ್ಲ. ಈ ವಿದ್ಯೆಗೆ ಈಗ ಒಂದು ಹೆಸರಿದೆ: ಸಿಎಸ್‌ಆರ್. ಕಂಪನಿಗಳ ಸಾಮಾಜಿಕ ಜವಾಬ್ದಾರಿ. ಇದನ್ನು ನಾವು ಸ್ವಲ್ಪ ಬಿಚ್ಚಿ ನೋಡಬೇಕಾಗಿದೆ.

ಮೊದಲು ಕಾನೂನು ತಿಳಿಯೋಣ. 2013ರ ಕಂಪನಿ ಕಾಯಿದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ರೂಪಾಯಿ ನಿವ್ವಳ ಆಸ್ತಿ, ಇಲ್ಲವೆ 1,000 ಕೋಟಿ ವಹಿವಾಟು, ಇಲ್ಲವೆ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಅಂದರೆ ಅಂದು ಅಂಗಳದಲ್ಲಿ ನಡೆದದ್ದು ಯಾರ ಔದಾರ್ಯವೂ ಅಲ್ಲ, ಕಾಯಿದೆಯ ಪಾಲನೆ. ಕರೆಂಟು ಬಿಲ್ಲು ಕಟ್ಟಿದವನು ಶಾಮಿಯಾನ ಹಾಕಿಸಿ ಫೋಟೋ ತೆಗೆಸಿಕೊಳ್ಳುತ್ತಾನೆಯೆ?

ಅದೇ ಕಾಯಿದೆಯಲ್ಲಿ ಇನ್ನೊಂದು ಕಲಮು ಇದೆ, 166ನೆಯದು. ಅದನ್ನು ಯಾವ ಶಾಮಿಯಾನದಲ್ಲೂ ಓದುವುದಿಲ್ಲ. ಕಂಪನಿಯ ನಿರ್ದೇಶಕರು ಶೇರುದಾರರ ಹಿತವನ್ನು ಮಾತ್ರ ನೋಡಿದರೆ ಸಾಲದು. ನೌಕರರ, ಸಮುದಾಯದ, ಪರಿಸರದ ಹಿತವನ್ನೂ ನೋಡಿ ಪ್ರಾಮಾಣಿಕವಾಗಿ ನಡೆಯಬೇಕು ಅಂತ ಅದು ಹೇಳುತ್ತದೆ. 135 ಲಾಭ ಬಂದ ಮೇಲಿನ ಮಾತು. 166 ಲಾಭ ಮಾಡುವ ರೀತಿಯ ಮಾತು. ಎರಡು ರೂಪಾಯಿಯ ಕಲಮಿಗೆ ಮೈಕು ಕಟ್ಟುತ್ತಾರೆ, ತೊಂಬತ್ತೆಂಟು ರೂಪಾಯಿಯ ಕಲಮಿನ ಬಗ್ಗೆ ಬಾಯಿ ಹೊಲಿದುಕೊಳ್ಳುತ್ತಾರೆ.

ಇದು ನಮಗೆ ಹೊಸದೇನಲ್ಲ. ನಮ್ಮ ಅಪ್ಪ ತಾತಂದಿರು ಊರಿನ ಚಾಕರಿ ಮಾಡಿದವರು. ಸತ್ತ ದನ ಎಳೆದರು, ತಮಟೆ ಬಡಿದರು, ಧಣಿಗಳ ಹೊಲ ಉತ್ತರು. ಸುಗ್ಗಿಯಲ್ಲಿ ರಾಶಿಯೆಲ್ಲ ಧಣಿಯ ಮನೆಗೆ ಹೋದ ಮೇಲೆ ಕಣ ಗುಡಿಸಿದ ಕಾಳು ನಮಗೆ. ಹಬ್ಬಕ್ಕೆ ಒಂದು ಹಳೇ ಪಂಚೆ. ಅದನ್ನು ಕೊಡುವಾಗ ಧಣಿ ಜಗಲಿಯ ಮೇಲೆ, ನಾವು ಕೆಳಗೆ. "ನಮ್ಮ ಧಣಿ ಧರ್ಮಾತ್ಮ" ಅಂತ ನಮ್ಮ ಬಾಯಲ್ಲೇ ಹೇಳಿಸುತ್ತಿದ್ದರು. ಕೂಲಿ ಎಷ್ಟು ಅಂತ ಕೇಳಿದವನು ಮಾತ್ರ ಅಧಿಕಪ್ರಸಂಗಿ. ಜಗಲಿ ಹೋಗಿ ಈಗ ಗಾಜಿನ ಕಟ್ಟಡ ಬಂದಿದೆ. ಹಳೇ ಪಂಚೆ ಹೋಗಿ ಬ್ಯಾಗು ಬಂದಿದೆ.

ಉತ್ಪ್ರೇಕ್ಷೆ ಅನ್ನುವವರು ನಮ್ಮ ನಾಡಿನದೇ ಒಂದು ಕಂಪನಿಯ ಕಥೆ ಕೇಳಲಿ.

ಕೋಲಾರದ ಚಿನ್ನದ ಗಣಿ. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಇಲ್ಲಿ ಕೆಲಸ ಸುರುಮಾಡಿತು. ಭೂಮಿಯೊಳಕ್ಕೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಬಂಡೆ ಒಡೆದವರು ಯಾರು? ಹೆಚ್ಚಿನವರು ಉತ್ತರ ಆರ್ಕಾಟಿನ ಕಡೆಯಿಂದ ಬಂದ ನಮ್ಮ ಜನ, ತಮಿಳು ದಲಿತರು. ಊರಿನ ಜೀತ ತಪ್ಪಿಸಿಕೊಂಡು ಪಾತಾಳಕ್ಕೆ ಇಳಿದವರು. ಅವರು ಎತ್ತಿಕೊಟ್ಟ ಚಿನ್ನ ಸುಮಾರು 800 ಟನ್ನು. ಈ ಚಿನ್ನಕ್ಕಾಗಿ 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಎಳೆದರು. ಬೆಂಗಳೂರಿನ ಬೀದಿಗೆ ಕರೆಂಟಿನ ದೀಪ ಬಂದದ್ದು 1905ರಲ್ಲಿ. ಮೊದಲ ಬೆಳಕು ಗಣಿಗೆ! ಅಷ್ಟು ದೂರದಿಂದ ಕರೆಂಟು ತರಲು ಬಲ್ಲ ಕಂಪನಿಗೆ ಕಾರ್ಮಿಕರ ಕಕ್ಕಸಿಗೆ ನೀರು ತರಲು ಮಾತ್ರ ಆಗಲಿಲ್ಲ.

ಗಣಿಯ ಕಾರ್ಮಿಕರ ವಸತಿಗಳಲ್ಲಿ ಇದ್ದದ್ದು ಒಣ ಕಕ್ಕಸು. ಅದನ್ನು ಕೈಯಲ್ಲಿ ಬಾಚಿ ಬಕೆಟ್ಟಿನಲ್ಲಿ ಹೊತ್ತವರು ದಲಿತರೊಳಗೂ ಕೆಳಗೆ ತಳ್ಳಲ್ಪಟ್ಟ ದಲಿತರು. ಸ್ವಾತಂತ್ರ್ಯ ಬಂತು, ಬಿಳಿಯರು ಹೋದರು, ಗಣಿ 1956ರಲ್ಲಿ ಸರ್ಕಾರದ್ದಾಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರ ಸರ್ಕಾರದ ಕಂಪನಿಯಾಯಿತು. ಆ 1970ರ ದಶಕದ ಮೊದಲಲ್ಲೇ ನಮ್ಮ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಮಲ ಹೊರುವ ಪದ್ಧತಿ ಈ ರಾಜ್ಯದಲ್ಲಿ ಕೂಡದು ಅಂದರು. ಗಣಿಯ ಊರಿನಲ್ಲಿ ಬಕೆಟ್ಟು ಕೆಳಗೆ ಇಳಿಯಲಿಲ್ಲ. ಇಂಥ ಮಲ ಬಾಚುವ ಕುಟುಂಬದಲ್ಲಿ ಅಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಎಂಬ ಯುವಕ ಎದ್ದು ನಿಂತು ಕೇಳಬೇಕಾಯಿತು. ಒಣ ಕಕ್ಕಸನ್ನು ನಿಷೇಧಿಸುವ ಕಾಯಿದೆ ದೇಶದಲ್ಲಿ ಬಂದದ್ದು 1993ರಲ್ಲಿ. ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದವರು ಇದೇ ವಿಲ್ಸನ್. 2016ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಬಕೆಟ್ಟು ಹೊರಿಸಿದವರ ಬಗ್ಗೆ ಯಾರೂ ಕೇಳಲಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರು. ಚಿನ್ನ ಹೋಯಿತು. ಉಳಿದದ್ದು ಅದಿರು ಅರೆದು ಸೈನೈಡಿನಲ್ಲಿ ತೊಳೆದು ಬಿಸಾಕಿದ ಪುಡಿಯ 13 ದಿಬ್ಬಗಳು, ಸುಮಾರು 3.3 ಕೋಟಿ ಟನ್ನು. ಗಾಳಿ ಬೀಸಿದರೆ ಆ ಧೂಳು ಜನರ ಮನೆಯೊಳಗೆ. ಗಣಿಯವರ ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. 2024ರ ಜೂನ್‌ನಲ್ಲಿ ಆ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಪ್ರಸ್ತಾಪಕ್ಕೆ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಧೂಳಿಗೂ ಬೆಲೆ ಬಂತು, ಧೂಳು ಕುಡಿದವರ ಶ್ವಾಸಕೋಶಕ್ಕೆ ಯಾವಾಗ ಬೆಲೆ ಬರುತ್ತದೆ? ಈ ದಿಬ್ಬದ ಪಾಲುದಾರರು ಯಾರು ಅಂತ ನಾವು ಈಗಲೇ ಕೇಳದಿದ್ದರೆ, ನಾಳೆ ಅಲ್ಲೂ ಒಂದು ಶಾಮಿಯಾನ ಎದ್ದು ನಾಲ್ಕು ಬ್ಯಾಗು ಹಂಚುತ್ತಾರೆ.

"ಅದು ಹಳೇ ಕಾಲ, ಈಗ ಕಂಪನಿಗಳೇ ಶಾಲೆಗಳಿಗೆ ಕಕ್ಕಸು ಕಟ್ಟಿಸಿಕೊಡ್ತಿವೆ" ಅನ್ನುವವರಿದ್ದಾರೆ. ಹೌದು, ಕಟ್ಟಿಸಿದರು. 2014ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ ಕಂಪನಿಗಳಿಗೆ ಕರೆ ಕೊಟ್ಟರು. ಕೇಂದ್ರ ಸರ್ಕಾರದ ಕಂಪನಿಗಳೇ ಸುಮಾರು 1.4 ಲಕ್ಷ ಶಾಲಾ ಕಕ್ಕಸು ಕಟ್ಟಿಸಿದೆವು ಅಂತ ಲೆಕ್ಕ ಕೊಟ್ಟವು. 2020ರಲ್ಲಿ ಮಹಾಲೇಖಪಾಲರ ವರದಿ ಬಂತು. ಅವರು ಹೋಗಿ ನೋಡಿದವುಗಳಲ್ಲಿ ನೂರಕ್ಕೆ 72ರಷ್ಟು ಕಕ್ಕಸುಗಳ ಒಳಗೆ ನೀರೇ ಇರಲಿಲ್ಲ. ದಿನಕ್ಕೊಮ್ಮೆಯಾದರೂ ತೊಳೆಯುವ ವ್ಯವಸ್ಥೆ ಮುಕ್ಕಾಲು ಪಾಲಿನಲ್ಲಿ ಇರಲಿಲ್ಲ. ಗೋಡೆ ಕಟ್ಟಲು ಹಣ ಬಂತು, ನೀರಿಗೆ ಬರಲಿಲ್ಲ, ತೊಳೆಯುವವರ ಸಂಬಳಕ್ಕೆ ಬರಲಿಲ್ಲ. ಯಾಕೆ? ಗೋಡೆಯ ಮೇಲೆ ಹೆಸರು ಬರೆಯಬಹುದು, ತಿಂಗಳ ಸಂಬಳದ ಮೇಲೆ ಹೆಸರು ಬರೆಯೋಕಾಗಲ್ಲ.

ನೀರೂ ಇಲ್ಲದೆ, ಸಂಬಳದ ಆಳೂ ಇಲ್ಲದೆ ಹೋದರೆ ಕೊನೆಗೆ ತೊಳೆಯುವವರು ಯಾರು? 2023ರ ಡಿಸೆಂಬರ್‌ನಲ್ಲಿ, ಅದೇ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಆ ಗುಂಡಿ ಕಂಪನಿ ಕಟ್ಟಿಸಿದ್ದು ಅಂತ ನಾವು ಹೇಳುತ್ತಿಲ್ಲ. ಆದರೆ ಕಕ್ಕಸು ಕಟ್ಟಿ, ತೊಳೆಯುವವರ ಕೂಲಿಯ ಮಾತೆತ್ತದ ಸಮಾಜದಲ್ಲಿ ಗುಂಡಿಗೆ ಇಳಿಯುವುದು ಯಾವ ಜಾತಿಯ ಮಗು ಅನ್ನುವುದು ಮೊದಲೇ ಬರೆದಿಟ್ಟಂತೆ ಇರುತ್ತದೆ. ಅವರು ನಮ್ಮ ತಮ್ಮ ತಂಗಿಯರು. ನಾವು ಮಲಗುವಂಥ ಹಾಸ್ಟೆಲಿನಲ್ಲೇ ಮಲಗುವವರು.

ದಾನಕ್ಕೂ ನ್ಯಾಯಕ್ಕೂ ಇರುವ ದೂರವನ್ನು ಬಾಬಾಸಾಹೇಬರು ಮೈಮೇಲೆ ಅನುಭವಿಸಿದರು. ಬರೋಡಾ ಮಹಾರಾಜರು ವಿದ್ಯಾರ್ಥಿವೇತನ ಕೊಟ್ಟರು, 1913ರಲ್ಲಿ ಅಂಬೇಡ್ಕರ್ ಅಮೆರಿಕಕ್ಕೆ ಓದಲು ಹೋದರು. ಮಹಾರಾಜರು ಒಳ್ಳೆಯವರೇ, ನಾವು ನೆನೆಯುತ್ತೇವೆ. ಆದರೆ 1917ರಲ್ಲಿ ಅದೇ ಬರೋಡಾಕ್ಕೆ ನೌಕರಿಗೆ ಬಂದಾಗ ಆದದ್ದೇನು? ಜವಾನರು ಕಡತವನ್ನು ದೂರದಿಂದ ಎಸೆದರು. ಕಚೇರಿಯಲ್ಲಿ ಕುಡಿಯಲು ನೀರು ಸಿಗಲಿಲ್ಲ. ಇರಲು ಮನೆ ಸಿಗದೆ ಪಾರ್ಸಿ ಛತ್ರದಿಂದಲೂ ಹೊರಹಾಕಿಸಿಕೊಂಡು ಊರು ಬಿಡಬೇಕಾಯಿತು. ವಿದ್ಯಾರ್ಥಿವೇತನ ಕೊಟ್ಟ ರಾಜ್ಯದಲ್ಲೇ ಒಂದು ಲೋಟ ನೀರಿಲ್ಲ! ಕೊಡುವ ಕೈ ಎಷ್ಟೇ ದೊಡ್ಡದಿರಲಿ, ಕಚೇರಿಯ ಒಳಗಿನ ಜಾತಿಯನ್ನು ಮುಟ್ಟದೆ ಬಿಟ್ಟರೆ ನಮ್ಮ ಗತಿ ಇದೇ. ಅದಕ್ಕೇ ಮುಂದೆ ಗಾಂಧೀಜಿಯವರು ಶ್ರೀಮಂತರು ಬಡವರ ಧರ್ಮದರ್ಶಿಗಳಾಗಿರಲಿ ಅಂದಾಗ ಬಾಬಾಸಾಹೇಬರು ಅದನ್ನು ಒಪ್ಪದೆ ಗೇಲಿ ಮಾಡಿದರು. ಇವತ್ತಿನ ಸಿಎಸ್‌ಆರ್ ಅದೇ ಧರ್ಮದರ್ಶಿತ್ವಕ್ಕೆ ಕೋಟು ಹಾಕಿದ ರೂಪ.

ಈಗ ಗಾಜಿನ ಕಟ್ಟಡದ ಒಳಗೆ ನೋಡೋಣ. ದೇಶದ 1,000 ದೊಡ್ಡ ಕಂಪನಿಗಳ ಆಡಳಿತ ಮಂಡಳಿಗಳ ಬಗ್ಗೆ 2012ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ನಿರ್ದೇಶಕರಲ್ಲಿ ನೂರಕ್ಕೆ ಸುಮಾರು 93 ಮಂದಿ ಮೇಲ್ಜಾತಿಯವರು. ಪರಿಶಿಷ್ಟ ಜಾತಿ, ಪಂಗಡ ಎರಡೂ ಸೇರಿ ನೂರಕ್ಕೆ ಮೂರೂವರೆ. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಒಂದೇ ಓದು, ಒಂದೇ ಅನುಭವ ಬರೆದ ಅರ್ಜಿಗಳನ್ನು ಖಾಸಗಿ ಕಂಪನಿಗಳಿಗೆ ಕಳಿಸಿದರು, ಬದಲಿಸಿದ್ದು ಹೆಸರು ಮಾತ್ರ. ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಅವಕಾಶ ಮೇಲ್ಜಾತಿ ಹೆಸರಿನದಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಇತ್ತು. ಇದನ್ನೇ ಇವರು ಮೆರಿಟ್ ಅನ್ನುವುದು! ನಮಗೆ ಬ್ಯಾಗು ಕೊಟ್ಟು ಓದಿಸುವ ಕಂಪನಿ, ಓದಿ ಅರ್ಜಿ ಹಾಕಿದಾಗ ಹೆಸರು ನೋಡಿ ಪಕ್ಕಕ್ಕೆ ಇಟ್ಟರೆ ಆ ಬ್ಯಾಗನ್ನು ಹೊತ್ತು ಎಲ್ಲಿಗೆ ಹೋಗೋಣ?

ಷೇರುಪೇಟೆಯ 1,000 ದೊಡ್ಡ ಕಂಪನಿಗಳು 2022–23ರಿಂದ ತಮ್ಮ ಜವಾಬ್ದಾರಿಯ ಬಗ್ಗೆ ಪ್ರತಿ ವರ್ಷ ವರದಿ ಕೊಡಬೇಕು ಅಂತ ಸೆಬಿಯ ನಿಯಮವಿದೆ. ಅದರಲ್ಲಿ ಕರೆಂಟಿನ ಲೆಕ್ಕ ಇದೆ, ನೀರಿನ ಲೆಕ್ಕ ಇದೆ, ಹೆಣ್ಣು ಗಂಡಿನ ಲೆಕ್ಕ, ಕಾಯಂ ನೌಕರರ ಲೆಕ್ಕ ಇದೆ. ಕೆಲಸಗಾರರ ಜಾತಿಯ ಲೆಕ್ಕ ಕೇಳುವ ಕಾಲಂ ಮಾತ್ರ ಇಲ್ಲ. ಕಕ್ಕಸು ತೊಳೆಯುವ ಕೆಲಸಕ್ಕೆ ಆಳು ಬೇಕಾದಾಗ ಜಾತಿ ಚೆನ್ನಾಗಿ ಕಾಣುತ್ತದೆ. ಲೆಕ್ಕ ಬರೆಯುವಾಗ ಮಾತ್ರ ಕಣ್ಣು ಮಂಜಾಗುತ್ತದೆ.

ಕೆಲವು ಗೆಳೆಯರು ಕೇಳುತ್ತಾರೆ: "ಹಂಗಾದ್ರೆ ಬ್ಯಾಗು ಬಿಸಾಕಬೇಕಾ? ಬಡವರ ಮಕ್ಕಳಿಗೆ ಅದಾದ್ರೂ ಸಿಗಲಿ ಬಿಡ್ರಿ." ನಾವು ಬಿಸಾಕಿ ಅನ್ನುವುದಿಲ್ಲ. ಚಿಕ್ಕ ಹುಡುಗನ ಕೈಯಿಂದ ಪುಸ್ತಕ ಕಿತ್ತುಕೊಳ್ಳುವ ಕ್ರಾಂತಿ ನಮಗೆ ಬೇಡ. ತಗೊಳ್ಳಿ. ಅದು ನಿಮ್ಮ ತಾಯಂದಿರ ಬೆವರಿನದೇ ಒಂದು ಚೂರು. ಆದರೆ ತಲೆ ತಗ್ಗಿಸಿ ತಗೋಬೇಡಿ. ಕೈಮುಗಿದು ತಗೋಬೇಡಿ. ತಗೊಂಡ ಕೈಯಲ್ಲೇ ಮೈಕು ಹಿಡಿದು ಇಷ್ಟು ಕೇಳಿ:

ನಿಮ್ಮ ಕಟ್ಟಡ ಗುಡಿಸುವವರು, ತೊಳೆಯುವವರು, ಕಾಯುವವರು ಎಷ್ಟು ಜನ? ಯಾವ ಜಾತಿಯವರು? ಅವರ ಕೂಲಿ ಎಷ್ಟು, ತಿಂಗಳ ಯಾವ ದಿನ ಕೈಗೆ ಬರುತ್ತದೆ?

ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯೇ ಹೇಳಿತ್ತು. 2020ರ ಕಾರ್ಮಿಕ ಸಂಹಿತೆಯಲ್ಲೂ ಆ ಮಾತಿದೆ. ಹಾಗಿದ್ದ ಮೇಲೆ "ಏಜೆನ್ಸೀನ ಕೇಳಿ" ಅನ್ನುವುದು ಯಾವ ಧರ್ಮ?

ನಿಮ್ಮ ಕಟ್ಟಡದ ಗುಂಡಿಗೆ ಮನುಷ್ಯ ಇಳಿಯುತ್ತಾನೋ, ಯಂತ್ರ ಇಳಿಯುತ್ತದೋ? ಗುಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಕೊಡಬೇಕು ಅಂತ ಸುಪ್ರೀಂ ಕೋರ್ಟು 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ನಮಗೆ ಸಾವಿನ ಪರಿಹಾರಕ್ಕಿಂತ ಮೊದಲು ಸಾಯದ ಕೆಲಸ ಬೇಕು.

ಈ ಹಾಸ್ಟೆಲಿನಿಂದ ಓದಿ ಹೋದ ಎಷ್ಟು ಜನರನ್ನು ಕುರ್ಚಿಯ ಕೆಲಸಕ್ಕೆ ತಗೊಂಡಿದ್ದೀರಿ?

ಇವುಗಳಿಗೆ ಉತ್ತರ ಕೊಟ್ಟ ಕಂಪನಿಯ ಬ್ಯಾಗನ್ನು ನಾವು ಸಂತೋಷದಿಂದ ಹೊರುತ್ತೇವೆ. ಉತ್ತರ ಕೊಡದವರು ಶಾಮಿಯಾನ ಬಿಚ್ಚಿಕೊಂಡು ಹೋಗಲಿ.

ಆ ಗೆಳೆಯನ ತಾಯಿಯ ವಿಷಯ ಹೇಳಿ ಮುಗಿಸುತ್ತೇವೆ. ನಾವು ಹನ್ನೊಂದು ಜನ ಸೇರಿ ಒಂದು ಅರ್ಜಿ ಬರೆದೆವು. ಅದನ್ನು ಕಾರ್ಮಿಕ ಇಲಾಖೆಗೆ ಕೊಟ್ಟು, ಒಂದು ಪ್ರತಿಯನ್ನು ಕಂಪನಿಯ ಗೇಟಿನಲ್ಲಿ ಕೊಟ್ಟು ಸಹಿ ಹಾಕಿಸಿಕೊಂಡೆವು. ಮೂರು ವಾರದಲ್ಲಿ ಎರಡೂ ತಿಂಗಳ ಸಂಬಳ ಬಂತು. ಪಿ.ಎಫ್. ಇನ್ನೂ ಬಂದಿಲ್ಲ, ನಾವು ಬಿಟ್ಟಿಲ್ಲ. ಆ ಸಂಬಳ ಕೊಡುವಾಗ ಯಾರೂ ಫೋಟೋ ತೆಗೆಯಲಿಲ್ಲ.

ನಿಮ್ಮ ಹಾಸ್ಟೆಲಿನಲ್ಲೂ ಇಂಥ ತಾಯಂದಿರ ಮಕ್ಕಳು ಇದ್ದಾರೆ. ಇವತ್ತು ರಾತ್ರಿ ಊಟದ ಹೊತ್ತಿನಲ್ಲಿ ಒಬ್ಬೊಬ್ಬರನ್ನೂ ಕೇಳಿ: ನಿಮ್ಮವ್ವ ಎಲ್ಲಿ ಕೆಲಸ ಮಾಡ್ತಾರೆ, ಸಂಬಳ ಬಂತಾ? ಹೆಸರು ಬರೆದುಕೊಳ್ಳಿ. ಅರ್ಜಿ ಬರೆಯಿರಿ. ಓದಿದ್ದು ಅದಕ್ಕೆ ತಾನೆ?

ಓದಿದ ಮೇಲೆ ಈ ಹಾಳೆಗಳನ್ನು ಪಕ್ಕದ ರೂಮಿಗೆ ದಾಟಿಸಿ.

ಜೈ ಭೀಮ್.